ಆ ಸಂಗೀತ ಎಲ್ಲಿಂದಲೋ ಎತ್ತಿದ್ದಲ್ಲ

ತೀರ್ಥಹಳ್ಳಿ ಹುಡುಗರ ಕಿರುಚಿತ್ರಕ್ಕೆ ನಾನು ಯೂಟ್ಯೂಬ್‌ನ ಉಚಿತ ಸಂಗೀತ ಎತ್ತಿ ಹಾಕಿದ್ದೇನೆ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಓಡಾಡುತ್ತಿದೆ. ಅದು ಸುಳ್ಳು. ಒಂದೊಂದು ಸ್ವರವನ್ನೂ ಶಿವಮೊಗ್ಗದ ನನ್ನ ಮನೆಯಲ್ಲೇ ಕೂತು ಮಾಡಿದ್ದು.

ಅಜ್ಜಿ ಅಡಿಕೆ ಸುಲಿಯುವ ದೃಶ್ಯ ಇದೆಯಲ್ವಾ? ಅಲ್ಲಿ ಮೆಟ್ಟುಗತ್ತಿಯ ಲಯಕ್ಕೇ ಕೊಳಲು ಹೊಂದಿಸಿದ್ದೇನೆ. ಚಿತ್ರ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಎರಡು ಫ್ರೇಮ್ ಆಚೀಚೆ ಆದರೂ ಕಿವಿಗೆ ಗೊತ್ತಾಗುತ್ತದೆ. ಸುಮ್ನೆ ತಂದು ಅಂಟಿಸಿದ ಟ್ರ್ಯಾಕ್ ಹಾಗೆ ಕೂರುವುದಿಲ್ಲ.

ಮಳೆ ಸದ್ದು ಮಾತ್ರ ನನ್ನದಲ್ಲ. ನಿರ್ದೇಶಕ ಆಗುಂಬೆಯಲ್ಲಿ ಮೊಬೈಲಿನಲ್ಲೇ ಹಿಡಿದದ್ದು. "ಇಲ್ಲಿ ಸಂಗೀತ ಬೇಡ ಅಣ್ಣ, ಮಳೆ ಸಾಕು" ಅಂದಿದ್ದ. ಹತ್ತಾರು ಕಿರುಚಿತ್ರಗಳಿಗೆ ಸಂಗೀತ ಮಾಡಿದ್ದೇನೆ, ಅವನ ಜೊತೆಗಿನ ಕೆಲಸವೇ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಮೆಸೇಜ್ ಕಳಿಸಿದವರು ದಯವಿಟ್ಟು ಅಳಿಸಿ. ಹುಡುಗರು ತುಂಬಾ ನೊಂದಿದ್ದಾರೆ.