ವಾಟ್ಸನ್ ಕೊಟ್ಟ ತಾರೀಖುಗಳಿಂದ ಒಂದೇ ಕಾಲಾನುಕ್ರಮ ಕಟ್ಟಬಹುದೇ?

ಪರ

ಷರ್ಲಾಕ್ ಹೋಮ್ಸ್‌ನ 4 ಕಾದಂಬರಿ, 56 ಕಥೆಗಳಲ್ಲಿ ಸಿಗುವ ತಾರೀಖುಗಳಿಗೆಲ್ಲ ಒಂದೇ ತೂಕ ಕೊಟ್ಟರೆ ಲೆಕ್ಕ ಕೆಡುತ್ತದೆ. ಈ ಕಥೆಗಳನ್ನು ಹೇಳುವ ಹೋಮ್ಸ್‌ನ ಗೆಳೆಯ, ವೈದ್ಯ ವಾಟ್ಸನ್ ಮಾತಿನ ನಡುವೆ ಉದುರಿಸುವ ಇಸವಿಯನ್ನು ನಂಬುವುದು ಕಷ್ಟ. ಕಕ್ಷಿದಾರರು ಎಣಿಸಿ ಹೇಳುವ ಲೆಕ್ಕ ಅದಕ್ಕಿಂತ ಗಟ್ಟಿ. ಎರಡು ಸುಳಿವುಗಳು ಬೇರೆಬೇರೆ ದಾರಿಯಿಂದ ಒಂದೇ ವರ್ಷಕ್ಕೆ ಬಂದು ಸೇರಿದರೆ, ಆ ವರ್ಷವನ್ನು ಮೊದಲು ನೆಟ್ಟು ಉಳಿದದ್ದನ್ನು ಅದಕ್ಕೆ ಹೊಂದಿಸಬೇಕು.

'ದಿ ಸೈನ್ ಆಫ್ ಫೋರ್'ನಲ್ಲಿ ಕಕ್ಷಿದಾರಳಾಗಿ ಬರುವ, ವಾಟ್ಸನ್ ಮುಂದೆ ಮದುವೆಯಾಗುವ ಮೇರಿ ಮಾರ್ಸ್ಟನ್‌ಳ ತಂದೆ ಕಾಣೆಯಾದದ್ದು 1878ರ ಡಿಸೆಂಬರ್ 3ರಂದು, 'ಹೆಚ್ಚುಕಡಿಮೆ ಹತ್ತು ವರ್ಷದ ಕೆಳಗೆ'. ಅವಳ ವಿಳಾಸ ಕೇಳಿ ಜಾಹೀರಾತು ಬಂದದ್ದು 1882ರ ಮೇ 4ರಂದು, 'ಸುಮಾರು ಆರು ವರ್ಷದ ಕೆಳಗೆ'. ಎರಡೂ 1888ನ್ನೇ ತೋರಿಸುತ್ತವೆ. ವಾಟ್ಸನ್ ಅವಳನ್ನು ಮೊದಲು ಕಂಡದ್ದು ಆ ವರ್ಷದ ಬೇಸಿಗೆಯೋ ಸೆಪ್ಟೆಂಬರೋ ಆಗಿರಬೇಕು. ಆದರೆ 'ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ' ನಡೆಯುವ 1888ರ ಮಾರ್ಚ್ 20ಕ್ಕೇ ಅವನಿಗೆ ಮದುವೆಯಾಗಿಬಿಟ್ಟಿದೆ! ಅದನ್ನು 1889 ಎಂದು ಓದಿಕೊಂಡರೆ ತೊಡಕು ಬಿಡುತ್ತದೆ. ವೈದ್ಯರ ಕೈಬರಹದ 9 ಅಚ್ಚುಮನೆಯಲ್ಲಿ 8 ಆಗುವುದು ದೊಡ್ಡ ಮಾತಲ್ಲ.

'ದಿ ರೆಡ್-ಹೆಡೆಡ್ ಲೀಗ್' ಕೂಡ ಹೀಗೆಯೇ. ಕೆಂಪು ಕೂದಲಿನವರಿಗೆ ಕೆಲಸ ಕೊಡುವ ಈ ಲೀಗ್‌ನ ಏಪ್ರಿಲ್ 27ರ ಜಾಹೀರಾತು 'ಎರಡು ತಿಂಗಳ ಹಿಂದಿನದು' ಅಂತೆ, ಕೆಲಸ ನಡೆದದ್ದು ಎಂಟು ವಾರ, ಲೀಗ್ ಮುಚ್ಚಿದ್ದು 1890ರ ಅಕ್ಟೋಬರ್ 9ಕ್ಕೆ. ಜಾಹೀರಾತನ್ನು ಆಗಸ್ಟ್ ಮೊದಲರ್ಧಕ್ಕೆ ತಂದರೆ ಮೂರೂ ಕೂಡಿಬರುತ್ತವೆ.

ವಿರೋಧ

ಕೂಡಿಬರುವುದಿಲ್ಲ. ಲೀಗ್ ಮುಚ್ಚಿದ ದಿನ ಶನಿವಾರ ಎಂದು ಹೋಮ್ಸ್ ಬಾಯಲ್ಲೇ ಬರುತ್ತದೆ. 1890ರ ಅಕ್ಟೋಬರ್ 9 ಗುರುವಾರ. ಒಂದು ತೂತು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ, ಏಕೆಂದರೆ ಲೇಖಕ ಕಾನನ್ ಡಾಯ್ಲ್ ಇವನ್ನು ಪತ್ರಿಕೆಗೆಂದು ಬಿಡಿಬಿಡಿಯಾಗಿ ಬರೆದವರು. 1893ರಲ್ಲಿ ಅಚ್ಚಾದ 'ದಿ ಫೈನಲ್ ಪ್ರಾಬ್ಲಂ'ನಲ್ಲಿ ಹೋಮ್ಸ್‌ನ ಪರಮ ವೈರಿ ಮೊರಿಯಾರ್ಟಿಯ ಹೆಸರನ್ನೇ ಕೇಳಿಲ್ಲ ಎನ್ನುವ ವಾಟ್ಸನ್, 1914ರಲ್ಲಿ ಶುರುವಾದ 'ದಿ ವ್ಯಾಲಿ ಆಫ್ ಫಿಯರ್'ನಲ್ಲಿ, ಅದಕ್ಕೂ ಹಿಂದಿನ ಪ್ರಕರಣದಲ್ಲಿ, ಅವನನ್ನು ಚೆನ್ನಾಗಿ ಬಲ್ಲ. ಓದುಗರಿಗಾಗಿ ಅಜ್ಞಾನ ನಟಿಸಿದ್ದ ಎನ್ನುತ್ತಾರೆ ಅಭಿಮಾನಿಗಳು. ಅಂಥ ಸಿದ್ಧಾಂತವನ್ನು ಸುಳ್ಳೆಂದು ತೋರಿಸಲು ಯಾವ ಪುರಾವೆ ಸಾಕಾದೀತು?

'ವಿಸ್ಟೀರಿಯಾ ಲಾಡ್ಜ್' ನಡೆಯುವುದು 1892ರ ಮಾರ್ಚ್‌ನಲ್ಲಿ. ಹೋಮ್ಸ್ 1891ರ ಮೇ 4ರಿಂದ ಲೋಕದ ಪಾಲಿಗೆ ಸತ್ತಿದ್ದಾನೆ, ಮರಳುವುದು 1894ರ ವಸಂತದಲ್ಲಿ. ಹಾಗಾಗಿ ಒಬ್ಬರು ಕಥೆಯನ್ನು ಹಿಂದಕ್ಕೆ ಎಳೆಯುತ್ತಾರೆ, ಇನ್ನೊಬ್ಬರು ಮುಂದಕ್ಕೆ ತಳ್ಳುತ್ತಾರೆ.

ಹೆಂಡತಿಯರ ಪಾಡು ಇನ್ನೂ ಕಷ್ಟದ್ದು. 'ದಿ ಎಂಪ್ಟಿ ಹೌಸ್'ನಲ್ಲಿ ವಾಟ್ಸನ್‌ಗಾದ ಅಗಲಿಕೆಯ ಒಂದು ಮಾತು ಬಿಟ್ಟರೆ ಮೇರಿಯ ಸಾವಿಗೆ ಆಧಾರವಿಲ್ಲ. ಆ ಊಹೆ ನ್ಯಾಯವಾದದ್ದೇ. 1903ರ ಪ್ರಕರಣದಲ್ಲಿ ಹೆಸರಿಲ್ಲದ ಹೆಂಡತಿಯೊಬ್ಬಳು ಇರುವುದರಿಂದ ಎರಡನೇ ಮದುವೆಯನ್ನೂ ಒಪ್ಪೋಣ. ಆದರೆ ಹೋಮ್ಸ್ ಕಥೆಗಳ ಕಾಲಾನುಕ್ರಮ ಕಟ್ಟಿದ ಬೇರಿಂಗ್-ಗೌಲ್ಡ್ ಎಣಿಸಿದ್ದು ಮೂರು! ಮೇರಿಗಿಂತ ಮುಂಚಿನ ಆ ಹೆಂಡತಿ ಹುಟ್ಟಿದ್ದೂ ಸತ್ತದ್ದೂ ಒಂದೆರಡು ಇಸವಿಗಳನ್ನು ಉಳಿಸಲಿಕ್ಕೆ.

ಕಥೆ ತಿದ್ದಿದವರೇ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. 1887ರಲ್ಲಿ ನಡೆಯುವ 'ದಿ ಫೈವ್ ಆರೆಂಜ್ ಪಿಪ್ಸ್' ಪತ್ರಿಕೆಯಲ್ಲಿ ಬಂದಾಗ ವಾಟ್ಸನ್‌ನ ಹೆಂಡತಿ ತಾಯಿಯ ಮನೆಗೆ ಹೋಗಿದ್ದಳು. ಮೇರಿಯ ತಾಯಿ ಎಂದೋ ತೀರಿಕೊಂಡಿದ್ದರಿಂದ ನಂತರದ ಮುದ್ರಣಗಳಲ್ಲಿ ಅದನ್ನು ಚಿಕ್ಕಮ್ಮನ ಮನೆ ಮಾಡಿದರು. ತನಗೆ ಇಂಗ್ಲೆಂಡಿನಲ್ಲಿ ಬಂಧುಗಳೇ ಇರಲಿಲ್ಲ ಎಂದು ಮೇರಿ ಹೇಳಿದ್ದನ್ನಾಗಲಿ, 1887 ಎಂಬ ಇಸವಿಯನ್ನಾಗಲಿ ಯಾರೂ ನೋಡಲಿಲ್ಲ.