ಕಾದಂಬರಿ ಯಾವ ಊರಿನ ದನಿಯಲ್ಲಿ ಮಾತಾಡಬೇಕು?

ಮೊನ್ನೆ ಭಾನುವಾರ ಬೆಳಿಗ್ಗೆ ಮೇಲಿನ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ಟ್ಯಾಬ್ಲೆಟ್. "ಇಹಾ, ಇವನ ಬಾಯಿ ಸ್ವಲ್ಪ ಮುಚ್ಚಿಸಿಕೊಡು" ಎಂದರು. ಇಹಾ ಅಂದರೆ ಮಗಳೇ. ನಾನು ಮ್ಯಾಡ್ರಿಡ್‌ಗೆ ಬಂದು ಆರು ವರ್ಷ ಆಯಿತು, ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

ಟ್ಯಾಬ್ಲೆಟ್‌ನಲ್ಲಿ ಒಬ್ಬ ಗಂಡಸು ಕಾದಂಬರಿ ಓದುತ್ತಿದ್ದ. ಒಳ್ಳೆಯ ದನಿ. ಒಂದಕ್ಷರ ತಪ್ಪಿಲ್ಲ. ಅಜ್ಜಿಗೆ 82 ವರ್ಷ, ಕಣ್ಣು ಮಂಜಾಗಿದೆ, ಪುಸ್ತಕ ಹಿಡಿಯುವುದು ಬಿಟ್ಟು ಎರಡು ವರ್ಷವಾಯಿತು. ಮೊಮ್ಮಗ ಯಾವುದೋ ಆಪ್ ಹಾಕಿಕೊಟ್ಟಿದ್ದಾನೆ. ಕಥೆ ನಡೆಯುವುದು ಕಾದಿಸ್ ಹತ್ತಿರದ ಮೀನುಗಾರರ ಊರಲ್ಲಿ. ಸ್ಪೇನಿನ ದಕ್ಷಿಣದ ತುದಿಯಲ್ಲಿರುವ ಕಾದಿಸ್ ಅಜ್ಜಿಯ ತವರು. ಹುಡುಗ ಪ್ರೀತಿಯಿಂದಲೇ ಹುಡುಕಿ ಹಾಕಿದ್ದ.

"ನಮ್ಮೂರಿನ ಬಲೆ ಎಳೆಯುವವನು ಟಿವಿ ವಾರ್ತೆ ಓದುವವನ ಹಾಗೆ ಮಾತಾಡ್ತಾನೆ. ನನಗೆ ಕೇಳಲಿಕ್ಕೆ ಆಗೋದಿಲ್ಲ" ಎಂದರು ಅಜ್ಜಿ. ಸಿಟ್ಟಿರಲಿಲ್ಲ. ದನಿಯಲ್ಲಿ ಬೇಜಾರಿತ್ತು. ನಾನು ಆಫ್ ಮಾಡಿ ಕೊಟ್ಟೆ. ಆಮೇಲೆ ಇಬ್ಬರೂ ಕಾಫಿ ಕುಡಿದೆವು.

ಅವರು ಹೇಳಿದ್ದು ಏನು ಅಂತ ಒಂದೇ ಪದದಲ್ಲಿ ತೋರಿಸುತ್ತೇನೆ. ಧನ್ಯವಾದಕ್ಕೆ ಮ್ಯಾಡ್ರಿಡ್‌ನವರು 'ಗ್ರಾಥಿಯಾಸ್' ಅನ್ನುತ್ತಾರೆ, ನಾಲಿಗೆಯನ್ನು ಹಲ್ಲಿನ ನಡುವೆ ತಂದು. ಮೆಕ್ಸಿಕೋದಲ್ಲಿ ಅದು 'ಗ್ರಾಸಿಯಾಸ್'. ನಮ್ಮ ಅಜ್ಜಿ ಕೊನೆಯ ಸ್ ಕೂಡ ನುಂಗಿ 'ಗ್ರಾಸಿಯಾ' ಅನ್ನುತ್ತಾರೆ. ಬರೆಯುವಾಗ ಮಾತ್ರ ಮೂವರದ್ದೂ ಒಂದೇ ಕಾಗುಣಿತ.

ಸ್ಪ್ಯಾನಿಷ್ ಪುಸ್ತಕದ ವ್ಯಾಪಾರ ಇಷ್ಟು ಕಾಲ ನಿಂತದ್ದೇ ಇದರ ಮೇಲೆ. ಸುಮಾರು 50 ಕೋಟಿ ಜನರ ತಾಯ್ನುಡಿ ಇದು. ಇಪ್ಪತ್ತು ದೇಶಗಳಲ್ಲಿ ಆಡಳಿತದ ಭಾಷೆ. ಅಮೆರಿಕದಲ್ಲೇ ನಾಲ್ಕು ಕೋಟಿಗೂ ಜಾಸ್ತಿ ಜನ ಮನೆಯಲ್ಲಿ ಮಾತಾಡುವುದು ಸ್ಪ್ಯಾನಿಷ್. 1713ರಲ್ಲಿ ಶುರುವಾದ ಇಲ್ಲಿನ ರಾಜ ಅಕಾಡೆಮಿಯೂ ಬೇರೆ ದೇಶಗಳ ಅಕಾಡೆಮಿಗಳೂ ಸೇರಿ ಕಾಗುಣಿತವನ್ನು ಒಂದೇ ಹಾಗೆ ಕಾಪಾಡಿಕೊಂಡು ಬಂದಿವೆ. ಬಾರ್ಸಿಲೋನಾದಲ್ಲಿ ಅಚ್ಚಾದ ಪುಸ್ತಕವನ್ನು ಲಿಮಾದವನು ತನ್ನ ದನಿಯಲ್ಲಿ ಓದಿಕೊಳ್ಳುತ್ತಾನೆ, ಬ್ಯೂನಸ್ ಐರಿಸ್‌ನವಳು ತನ್ನ ದನಿಯಲ್ಲಿ. ಕಾಗದಕ್ಕೆ ಊರಿಲ್ಲ. ಆಡಿಯೋ ಪುಸ್ತಕ ಹಾಗಲ್ಲ. ಅಲ್ಲಿ ಯಾರೋ ಒಬ್ಬರು ಬಾಯಿ ತೆರೆಯಲೇಬೇಕು. ತೆರೆದ ಕೂಡಲೇ ಅವರು ಎಲ್ಲಿಯವರು ಅಂತ ಗೊತ್ತಾಗುತ್ತದೆ.

ಇ-ಪುಸ್ತಕದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಇಲ್ಲಿನ ದೊಡ್ಡ ಪ್ರಕಾಶಕರು ಸೇರಿ 2010ರಲ್ಲಿ ಬಾರ್ಸಿಲೋನಾದಲ್ಲಿ ಲಿಬ್ರಾಂದಾ ಎಂಬ ಡಿಜಿಟಲ್ ವಿತರಣೆ ಸಂಸ್ಥೆ ಕಟ್ಟಿದರು. ಮರುವರ್ಷ ಅಮೆಜಾನ್ ಸ್ಪೇನಿಗೆ ಬಂತು. ಆದರೂ ಇವತ್ತಿಗೂ ಸ್ಪೇನಿನ ಪ್ರಕಾಶಕರ ಗಳಿಕೆಯಲ್ಲಿ ಡಿಜಿಟಲ್‌ನ ಪಾಲು ನೂರಕ್ಕೆ ಐದರ ಆಸುಪಾಸಿನಲ್ಲೇ ಇದೆ. ಇದಕ್ಕೆ ತೆರಿಗೆಯೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಕಾಗದದ ಪುಸ್ತಕಕ್ಕೆ 4 ಶೇಕಡಾ ವ್ಯಾಟ್ ಇದ್ದರೆ, ಅದೇ ಪುಸ್ತಕ ಪರದೆಗೆ ಬಂದ ಕೂಡಲೇ 21 ಆಗುತ್ತಿತ್ತು. ಅಕ್ಷರ ಅದೇ, ಲೇಖಕ ಅವನೇ. 2020ರ ಏಪ್ರಿಲ್‌ನಲ್ಲಿ ಅದನ್ನೂ 4ಕ್ಕೆ ಇಳಿಸಿದರು. ಜಾರಿಯಾದದ್ದು ಏಪ್ರಿಲ್ 23, ಪುಸ್ತಕ ದಿನದಂದೇ. ಬಾರ್ಸಿಲೋನಾ ಇರುವ ಕೆಟಲೋನಿಯಾ ಪ್ರಾಂತ್ಯದಲ್ಲಿ ಅವತ್ತು ಬೀದಿ ತುಂಬ ಪುಸ್ತಕ ಮತ್ತು ಗುಲಾಬಿ ಮಾರುವ ಹಬ್ಬ. ಆ ವರ್ಷ ಕೊರೊನಾದಿಂದ ಬೀದಿ ಖಾಲಿ, ಅಂಗಡಿ ಬಂದ್. ಜನ ಫೋನಿನಲ್ಲಿ ಓದಿದರು. ನಮ್ಮಲ್ಲಿ ಕೂಡ ಇಂಥದ್ದೇ ಆಗಿತ್ತು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಮೊದಲು 18 ಶೇಕಡಾ ಇತ್ತು. ಅಚ್ಚಿನ ಪ್ರತಿ ಇರುವಂಥವಕ್ಕೆ 2018ರಲ್ಲಿ 5ಕ್ಕೆ ಇಳಿಯಿತು.

ಇ-ಪುಸ್ತಕ ನಿಜವಾಗಿ ಕೈಹಿಡಿದದ್ದು ಲ್ಯಾಟಿನ್ ಅಮೆರಿಕದ ಓದುಗರನ್ನು. ಸ್ಪೇನಿನ ಪುಸ್ತಕ ಹೇಗೋ ಸಮುದ್ರ ದಾಟಿ ಅಲ್ಲಿಗೆ ಹೋಗುತ್ತದೆ. ಆದರೆ ಕೊಲಂಬಿಯಾದ ಸಣ್ಣ ಪ್ರಕಾಶಕರ ಪುಸ್ತಕ ಪಕ್ಕದ ಪೆರುವಿಗೆ ಹೋಗುವುದೇ ಕಷ್ಟ. ಸಾಗಣೆ ಖರ್ಚು, ಸುಂಕ, ದೇಶಕ್ಕೊಂದು ಹಕ್ಕು. ಚಿಲಿಯಲ್ಲಂತೂ ಪುಸ್ತಕದ ಮೇಲೆ 19 ಶೇಕಡಾ ತೆರಿಗೆ. ಅದೇ ಚಿಲಿ 2013ರಿಂದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ನಡೆಸುತ್ತಿದೆ, ಮನೆಯಲ್ಲೇ ಕೂತು ಪುಸ್ತಕ ಎರವಲು ಪಡೆಯಬಹುದು. ಸ್ಪೇನಿನ ಇಂಥದ್ದೇ ಗ್ರಂಥಾಲಯ ಇಬಿಬ್ಲಿಯೋ ಶುರುವಾದದ್ದು 2014ರಲ್ಲಿ. ಬೆಂಗಳೂರಿನಿಂದ ಒಂದು ಪುಸ್ತಕ ತರಿಸಿದಾಗ ಅಂಚೆ ಖರ್ಚು ಪುಸ್ತಕದ ಬೆಲೆಯನ್ನು ಮೀರಿದ್ದನ್ನು ಕಂಡವಳು ನಾನು. ಇಂಥ ಸವಲತ್ತಿನ ಬೆಲೆ ನನಗೆ ಗೊತ್ತು.

ಈಗ ಆಡಿಯೋ. ಸ್ವೀಡನ್ನಿನ ಆಡಿಯೋ ಪುಸ್ತಕ ಕಂಪನಿ ಸ್ಟೋರಿಟೆಲ್ 2017ರಲ್ಲಿ ಸ್ಪೇನಿಗೆ ಬಂತು. 2020ರ ಅಕ್ಟೋಬರ್‌ನಲ್ಲಿ ಅಮೆಜಾನ್‌ನದ್ದೇ ಆದ ಆಡಿಬಲ್ ಬಂತು. ಅಮೆರಿಕದಲ್ಲಿ ಆಡಿಬಲ್ ಅಂದರೆ ತಿಂಗಳಿಗೊಂದು ಪುಸ್ತಕದ ಲೆಕ್ಕ. ಇಲ್ಲಿ ತಿಂಗಳ ಹಣ ಕಟ್ಟಿ ಬೇಕಾದಷ್ಟು ಕೇಳಿ ಅಂತ ಶುರು ಮಾಡಿದರು. ಡೆನ್ಮಾರ್ಕಿನ ಪೊಡಿಮೋ, ಸ್ವೀಡನ್ನಿನದ್ದೇ ಆದ ನೆಕ್ಸ್ಟರಿ ಕೂಡ ಇವೆ. ಸ್ಪೇನಿನಲ್ಲೇ ಹುಟ್ಟಿದ್ದ ನುಬಿಕೋ ಕೊನೆಗೆ ನೆಕ್ಸ್ಟರಿ ಪಾಲಾಯಿತು. ಸ್ಪ್ಯಾನಿಷ್ ಕಿವಿಗಾಗಿ ಉತ್ತರದ ದೇಶಗಳ ಕಂಪನಿಗಳು ಇಷ್ಟು ಪೈಪೋಟಿ ಮಾಡುವುದು ನೋಡಿ ಮೊದಲು ನನಗೆ ಸಂತೋಷವೇ ಆಗಿತ್ತು. ಕೇಳುವವರಿದ್ದಾರೆ ಅಂತ ಅವರಿಗೆ ಗೊತ್ತಾಗಿದೆ ಅಲ್ವಾ?

ಚಂದಾ ಲೆಕ್ಕದಲ್ಲಿ ಒಂದು ತೊಡಕಿದೆ. ಇಂಥ ಕಡೆ ಪ್ರಕಾಶಕರಿಗೆ ಹಣ ಸಾಮಾನ್ಯವಾಗಿ ಎಷ್ಟು ಹೊತ್ತು ಕೇಳಿದರು ಅನ್ನುವುದರ ಮೇಲೆ ಹೋಗುತ್ತದೆ. ಇಪ್ಪತ್ತು ಗಂಟೆಯ ಪತ್ತೇದಾರಿ ಸರಣಿಗೆ ಇದು ಒಳ್ಳೆಯದು. ಒಂದು ಗಂಟೆಯ ಕವಿತೆಗೆ ಏನೂ ಸಿಗುವುದಿಲ್ಲ. ಕವಿಗಳು ಎಲ್ಲ ದೇಶದಲ್ಲೂ ಪಾಪ.

ಮತ್ತೆ ದನಿಯ ವಿಷಯ. ಇಪ್ಪತ್ತು ದೇಶಕ್ಕೆ ಇಪ್ಪತ್ತು ಸಲ ರೆಕಾರ್ಡ್ ಮಾಡಿದರೆ ಖರ್ಚು ಹುಟ್ಟುವುದಿಲ್ಲ. ಆಗ ಕಂಪನಿಗಳ ಕೈಗೆ ಸಿಕ್ಕುವುದು 'ನೆಉತ್ರೋ', ಯಾವ ಊರಿನದ್ದೂ ಅಲ್ಲದ ಸ್ಪ್ಯಾನಿಷ್. ಸಿನಿಮಾ ಡಬ್ಬಿಂಗ್‌ಗೆಂದು ಮೆಕ್ಸಿಕೋ ಕಡೆ ಬೆಳೆದ ಭಾಷೆ ಅದು. ಡಿಸ್ನಿ ಕಾರ್ಟೂನ್ ಸಿನಿಮಾಗಳನ್ನು ಸ್ಪೇನಿನ ಮಕ್ಕಳು ಕೂಡ ದಶಕಗಳ ಕಾಲ ಆ ಲ್ಯಾಟಿನ್ ದನಿಯಲ್ಲೇ ನೋಡಿದರು. ಸ್ಪೇನಿಗೆ ಬೇರೆಯೇ ಡಬ್ಬಿಂಗ್ ಶುರುವಾದದ್ದು 1991ರ ಹೊತ್ತಿಗೆ. ಸಿನಿಮಾಕ್ಕೆ ಅದು ನಡೆಯಿತು. ಹಾಡಿದೆ, ಬಣ್ಣವಿದೆ, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಆಡಿಯೋ ಪುಸ್ತಕದಲ್ಲಿ ದನಿ ಬಿಟ್ಟರೆ ಬೇರೇನೂ ಇಲ್ಲ. ಹನ್ನೆರಡು ಗಂಟೆ ಅದೊಂದೇ ದನಿ ನಿಮ್ಮ ಕಿವಿಯೊಳಗೆ ಮನೆ ಮಾಡಿಕೊಂಡಿರುತ್ತದೆ.

ಉಚ್ಚಾರಣೆ ಒಂದೇ ಅಲ್ಲ, ಪದಗಳೂ ಬೇರೆ. ಬಸ್ಸಿಗೆ ಮ್ಯಾಡ್ರಿಡ್‌ನಲ್ಲಿ 'ಔತೊಬೂಸ್'. ಮೆಕ್ಸಿಕೋದಲ್ಲಿ 'ಕಾಮಿಯೋನ್', ಅದೇ ಪದಕ್ಕೆ ಸ್ಪೇನಿನಲ್ಲಿ ಲಾರಿ ಅಂತ ಅರ್ಥ. ಕ್ಯೂಬಾದಲ್ಲಿ 'ಗ್ವಾಗ್ವಾ', ಚಿಲಿಗೆ ಹೋದರೆ ಗ್ವಾಗ್ವಾ ಅಂದರೆ ಹಸುಗೂಸು. ಬೀದಿಗೆ ಇಲ್ಲಿ 'ಕಾಯೆ' ಅಂದರೆ ಬ್ಯೂನಸ್ ಐರಿಸ್‌ನಲ್ಲಿ 'ಕಾಶೆ'. ನೀವೆಲ್ಲ ಅನ್ನಲು ಸ್ಪೇನಿನವರು ಬಳಸುವ 'ವೊಸೋತ್ರೋಸ್' ಲ್ಯಾಟಿನ್ ಅಮೆರಿಕದಲ್ಲಿ ಮಾತಲ್ಲೇ ಇಲ್ಲ. ತಾಯಿ ಮಕ್ಕಳನ್ನು ಊಟಕ್ಕೆ ಕರೆಯುವ ಸಾಲಿನಲ್ಲೂ ಯಾವ ದೇಶ ಅಂತ ಗೊತ್ತಾಗುತ್ತದೆ.

ಹಾಗಾಗಿ ಈಗ ಆಡಿಬಲ್‌ನಲ್ಲಿ ಎಷ್ಟೋ ಪುಸ್ತಕಗಳ ಹೆಸರಿನ ಪಕ್ಕದಲ್ಲೇ 'ಕಾಸ್ತೆಯಾನೋದಲ್ಲಿ ಓದಿದ್ದು' ಅಂತ ಬರೆದಿರುತ್ತಾರೆ, ಅಂದರೆ ಸ್ಪೇನಿನ ದನಿ. ಹ್ಯಾರಿ ಪಾಟರ್‌ಗೆ ಸ್ಪೇನಿನದ್ದೊಂದು, ಲ್ಯಾಟಿನ್ ಅಮೆರಿಕದ್ದೊಂದು ಬೇರೆ ಬೇರೆ ರೆಕಾರ್ಡಿಂಗ್ ಇದೆ. ನನ್ನ ದೃಷ್ಟಿಯಲ್ಲಿ ಇದು ಈ ಮಾರುಕಟ್ಟೆಯ ಅತಿ ಒಳ್ಳೆಯ ಬದಲಾವಣೆ. ಆದರೆ ಎರಡು ದನಿಗೆ ನಿಂತರೆ ಸಾಲದು. ಸ್ಪೇನಿನೊಳಗೇ ಕಾದಿಸ್ ಇದೆ, ಅಲ್ಲಿನವರೊಬ್ಬರು ಅಜ್ಜಿ ಇದ್ದಾರೆ.

ಓದುವವರ ದನಿಯನ್ನು ಕೇಳುವವರೇ ಆರಿಸುತ್ತಿದ್ದ ಕಾಲ ಒಂದಿತ್ತು. ಅದೂ ಸ್ಪ್ಯಾನಿಷ್‌ನಲ್ಲೇ. 1865ರಲ್ಲಿ ಹವಾನಾದ ಒಂದು ಚುಟ್ಟಾ ಕಾರ್ಖಾನೆಯಲ್ಲಿ, ಕೆಲಸಗಾರರು ಹೊಗೆಸೊಪ್ಪು ಸುತ್ತುತ್ತಿರುವಾಗ ಒಬ್ಬರು ಗಟ್ಟಿಯಾಗಿ ಓದುವ ಪದ್ಧತಿ ಶುರುವಾಯಿತು. ಅವರನ್ನು 'ಲೆಕ್ತೋರ್' ಅನ್ನುತ್ತಾರೆ. ಪೇಪರೂ ಓದುತ್ತಿದ್ದರು, ಕಾದಂಬರಿಯೂ ಓದುತ್ತಿದ್ದರು. ಕೆಲಸಗಾರರು ತಮ್ಮ ಕೂಲಿಯಿಂದಲೇ ಆತನಿಗೆ ಸಂಬಳ ಕೊಡುತ್ತಿದ್ದರು. ಯಾವ ಪುಸ್ತಕ ಬೇಕು ಅಂತ ಅವರೇ ಮತ ಹಾಕುತ್ತಿದ್ದರು. ಹೊಸ ಲೆಕ್ತೋರ್ ಬಂದರೆ ಮೊದಲು ಎಲ್ಲರೆದುರು ಓದಿ ತೋರಿಸಬೇಕಿತ್ತು. ಮೆಚ್ಚಿಗೆಯಾದರೆ ಎಲೆ ಕತ್ತರಿಸುವ ಕತ್ತಿಯನ್ನು ಮೇಜಿಗೆ ಕುಟ್ಟುತ್ತಿದ್ದರು, ಅದೇ ಚಪ್ಪಾಳೆ. ಮಾಂತೆಕ್ರಿಸ್ತೊ ಅನ್ನುವ ಹೆಸರಾಂತ ಚುಟ್ಟಾಕ್ಕೆ ಆ ಹೆಸರು ಬಂದದ್ದು ಹೀಗೆ ಓದಿಸಿಕೊಂಡ 'ಕೌಂಟ್ ಆಫ್ ಮಾಂಟೆ ಕ್ರಿಸ್ಟೋ' ಕಾದಂಬರಿಯಿಂದ ಅಂತ ಹೇಳುತ್ತಾರೆ. 2012ರಲ್ಲಿ ಕ್ಯೂಬಾ ಈ ಓದನ್ನು ದೇಶದ ಸಾಂಸ್ಕೃತಿಕ ಪರಂಪರೆ ಅಂತ ಘೋಷಿಸಿತು.

ಈ ವಿಷಯ ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಂಟ್ವಾಳದ ನಮ್ಮ ಮನೆಯ ಜಗಲಿ ಕಣ್ಣೆದುರು ಬಂತು. ದೊಡ್ಡಮ್ಮನ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಅದರಲ್ಲಿ ಬೀಡಿ ಎಲೆ, ಹೊಗೆಸೊಪ್ಪಿನ ಹುಡಿ, ನೂಲು, ಕತ್ತರಿ. ಪಕ್ಕದಲ್ಲಿ ರೇಡಿಯೋ. ಮಂಗಳೂರು ಆಕಾಶವಾಣಿಯ ವಾರ್ತೆ ಬರುವಾಗ ಅವರ ಬೆರಳು ಮಗ್ಗದ ಹಾಗೆ ಓಡುತ್ತಿತ್ತು. ತುಳು ನಾಟಕ ಶುರುವಾದರೆ ಬೆರಳು ನಿಧಾನ. ಎಲೆ ಅರ್ಧ ಸುತ್ತಿ ಹಾಗೇ ಹಿಡಿದುಕೊಂಡಿರುತ್ತಿದ್ದರು. ಸಂಜೆ ಕಂಪನಿಯ ಬ್ರಾಂಚಿಗೆ ಕೊಂಡೊಯ್ಯುವ ಬೀಡಿ ಆ ದಿನ ಸ್ವಲ್ಪ ಕಮ್ಮಿ. ಹವಾನಾದವರಿಗೂ ನಮ್ಮ ದೊಡ್ಡಮ್ಮನಿಗೂ ಕೈಯ ಕೆಲಸ ಒಂದೇ, ಕಿವಿಯ ಹಸಿವೂ ಒಂದೇ.

ಕ್ಯೂಬಾದಿಂದ ಈ ಪದ್ಧತಿ ಫ್ಲೋರಿಡಾದ ಟ್ಯಾಂಪಾಕ್ಕೂ ಹೋಗಿತ್ತು. 1931ರಲ್ಲಿ ಅಲ್ಲಿನ ಮಾಲೀಕರು ಲೆಕ್ತೋರ್‌ಗಳನ್ನು ತೆಗೆದು ಹಾಕಿದರು. ಕೆಲಸಗಾರರ ತಲೆ ಕೆಡಿಸುತ್ತಾರೆ ಅಂತ ದೂರು. ಅವರು ಕೂರುತ್ತಿದ್ದ ಜಾಗಕ್ಕೆ ರೇಡಿಯೋ ಬಂತು.

2025ರ ಮೇ ತಿಂಗಳಲ್ಲಿ ಆಡಿಬಲ್ ಎಐ ದನಿಗಳ ಸುದ್ದಿ ಹೇಳಿದಾಗ ನನಗೆ ನೆನಪಾದದ್ದು ಟ್ಯಾಂಪಾ. ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್ ಸೇರಿ ನೂರಕ್ಕೂ ಜಾಸ್ತಿ ದನಿ, ಬೇರೆ ಬೇರೆ ಉಚ್ಚಾರಣೆಯಲ್ಲಿ. ಪ್ರಕಾಶಕರು ಪಟ್ಟಿ ನೋಡಿ ಆರಿಸಿಕೊಳ್ಳಬಹುದು. ಇದರಿಂದ ಆಗುವ ಉಪಕಾರ ನನಗೆ ಕಾಣುತ್ತದೆ. ಎಂದೂ ರೆಕಾರ್ಡ್ ಆಗದ ಹಳೆಯ ಪುಸ್ತಕಗಳು ಕಣ್ಣು ಕಾಣದವರಿಗೆ ಸಿಗುತ್ತವೆ. ಆದರೆ ದನಿಯನ್ನೇ ನಂಬಿ ಬದುಕುವ ಕಲಾವಿದರ ಅನ್ನ ಹೋಗುತ್ತದೆ. ಅದಕ್ಕಿಂತ ನನ್ನನ್ನು ಕಾಡುವುದು ಬೇರೆ. ಕಾದಿಸ್‌ನ ಮಾತು ಅಂದರೆ ಸುಮ್ನೆ ಸ್ ನುಂಗುವುದಲ್ಲ. ಬೈಯುವಾಗ ಎಲ್ಲಿ ಎಳೆಯಬೇಕು, ಸಾವಿನ ಸುದ್ದಿ ಹೇಳುವಾಗ ಎಲ್ಲಿ ತಡೆಯಬೇಕು ಅನ್ನುವುದು ಆ ಊರಲ್ಲಿ ಬೆಳೆದವರಿಗೇ ಗೊತ್ತು.

ಕನ್ನಡದಲ್ಲಿ ಆಡಿಯೋ ಪುಸ್ತಕ ಮಾಡುವ ಗೆಳೆಯರಿಗೆ ನಾನು ಇದನ್ನು ಬರೆಯುತ್ತಿರುವುದು. ಸ್ಟೋರಿಟೆಲ್ ಸ್ಪೇನಿಗೆ ಬಂದ ವರ್ಷವೇ ಭಾರತಕ್ಕೂ ಬಂತು, ಆಮೇಲೆ ಅದರಲ್ಲಿ ಕನ್ನಡವೂ ಸೇರಿತು. ನಮ್ಮದೇ ಮೈಲ್ಯಾಂಗ್ ಆಪ್ ಇದೆ. ತುಂಬಾ ಕಷ್ಟಪಟ್ಟು ಕೆಲಸ ಮಾಡುವವರು ಇದ್ದಾರೆ, ಅವರ ಮೇಲೆ ನನಗೆ ಗೌರವ. 2011ರ ಜನಗಣತಿ ಪ್ರಕಾರ ಕನ್ನಡ ತಾಯ್ನುಡಿಯವರು 4.37 ಕೋಟಿ. ಸ್ಪ್ಯಾನಿಷ್ ಎದುರು ನಾವು ಸಣ್ಣವರು. ಆದರೆ ಬರ್ತೀನಿ, ಬರ್ತೇನೆ, ಬರ್ತೀನ್ರೀ, ಬತ್ತೆ ಎಲ್ಲ ನಮ್ಮದೇ. ಧಾರವಾಡದ ಕಥೆಯನ್ನು ಬೆಂಗಳೂರಿನ ಸ್ಟುಡಿಯೋ ಕನ್ನಡದಲ್ಲಿ ಓದಿಸಬೇಡಿ. ಕುಂದಾಪುರದ ಕಥೆಗೆ ಕುಂದಾಪುರದವರನ್ನೇ ಕರೆಯಿರಿ, ಅವರು ಹೆಸರಾಂತ ನಟರಾಗಿರಬೇಕಾಗಿಲ್ಲ. ಶಾಲೆಯ ಟೀಚರ್ ಇರಬಹುದು, ಯಕ್ಷಗಾನದ ಅರ್ಥಧಾರಿ ಇರಬಹುದು. ನಮ್ಮಲ್ಲಿ ಗಮಕ ಕೇಳಿದ ಕಿವಿಗಳಿವೆ, ಒಳ್ಳೆಯ ಓದು ಯಾವುದು ಅಂತ ಅವಕ್ಕೆ ಹೇಳಿಕೊಡಬೇಕಾಗಿಲ್ಲ. ಓದಿದವರ ಹೆಸರಿನ ಜೊತೆ ಅವರ ಊರನ್ನೂ ಹಾಕಿ. ಕೇಳುವವರು ಆರಿಸಿಕೊಳ್ಳಲಿ.

ಈ ಭಾನುವಾರ ನಾನೇ ಮೇಲೆ ಹೋದೆ. ವಾರವಿಡೀ ಹುಡುಕಿ, ದಕ್ಷಿಣದ ಹೆಂಗಸೊಬ್ಬರು ಓದಿದ ಬೇರೊಂದು ಕಾದಂಬರಿ ಸಿಕ್ಕಿತ್ತು. ಹಾಕಿಕೊಟ್ಟೆ. ಅಜ್ಜಿ ಕಣ್ಣು ಮುಚ್ಚಿ ಹತ್ತು ನಿಮಿಷ ಕೇಳಿದರು. ಕಾಫಿ ಆರಿ ಹೋಯಿತು. "ಇವಳು ಸೆವಿಯಾದವಳು, ಕಾದಿಸ್ ಅಲ್ಲ" ಎಂದರು. ನಾನು ಆಫ್ ಮಾಡಲು ಕೈ ಚಾಚಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಹಿಡಿದು ಪಕ್ಕಕ್ಕಿಟ್ಟರು.