ಈಯದ ಚೊಂಬು ಕರಗಿದ ಮೇಲೆ

ಕಳೆದ ಆಷಾಢದಲ್ಲಿ ನಮ್ಮ ಮನೆಯ ಗ್ಯಾಸ್ ಒಲೆಯ ಮೇಲೆ ಒಂದು ಈಯದ ಚೊಂಬು ಕರಗಿಹೋಯಿತು. ಮೈಸೂರಿನ ಸರಸ್ವತೀಪುರಂನಲ್ಲಿ ನಮ್ಮ ಎದುರುಮನೆಯಲ್ಲಿದ್ದ, ಮೇಲುಕೋಟೆ ಮೂಲದ ಹಿರಿಯರೊಬ್ಬರು ಮನೆ ಖಾಲಿ ಮಾಡಿಕೊಂಡು ಮಗಳ ಊರಿಗೆ ಹೊರಟಾಗ ಅದನ್ನು ನನ್ನ ಕೈಗಿತ್ತು, ‘ಸಾರಿಗೆ ಮಾತ್ರ ಬಳಸಿ, ಬರಿದಾಗಿ ಉರಿಯ ಮೇಲೆ ಇಡಬೇಡಿ’ ಎಂದು ಎರಡೆರಡು ಸಲ ಹೇಳಿದ್ದರು. ಆರು ತಿಂಗಳು ಆ ಮಾತನ್ನು ಪಾಲಿಸಿದೆ. ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ತೊಳೆದ ಚೊಂಬಿನ ತೇವ ಆರಲಿ ಎಂದು ಸಣ್ಣ ಉರಿಯ ಮೇಲಿಟ್ಟು, ಬಾಗಿಲಲ್ಲಿ ನಿಂತಿದ್ದ ಸೊಪ್ಪಿನವರಿಗೆ ಚಿಲ್ಲರೆ ಕೊಟ್ಟು ಬರುವಷ್ಟರಲ್ಲಿ ಅದರ ತಳ ಕುಸಿದು, ಬರ್ನರಿನ ತೂತುಗಳ ಮೇಲೆ ಬೆಳ್ಳಿಯಂಥ ಹನಿಗಳು ಜಾರಿ ಕುಳಿತಿದ್ದವು. ಸೊಪ್ಪಿನ ಕಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು.

ಈಯದ ಚೊಂಬು ಎಂದು ನಾವು ಕರೆಯುವುದು ತವರದ ಪಾತ್ರೆಯನ್ನು. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅಡುಗೆ ಅನಿಲದ ಜ್ವಾಲೆಯ ಉಷ್ಣತೆಯಾದರೋ 1,900 ಡಿಗ್ರಿಯ ಆಸುಪಾಸಿನದು. ಹಾಗಿದ್ದೂ ಅದೇ ಚೊಂಬು ಆ ಮನೆಯಲ್ಲಿ ಎರಡು ತಲೆಮಾರಿನ ಕಾಲ ದಿನವೂ ಒಲೆಯೇರಿ ಇಳಿದಿತ್ತು. ಅದನ್ನು ಅಷ್ಟು ಕಾಲ ಕಾಪಾಡಿದ್ದು ಒಳಗಿದ್ದ ಸಾರು. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ನೀರು 97 ಡಿಗ್ರಿ ಚಿಲ್ಲರೆಗೇ ಕುದಿಯುತ್ತದೆ, ಮತ್ತು ಕುದಿಯುವ ನೀರು ಉರಿಯ ಕಾವನ್ನು ಹೀರಿಕೊಂಡು ಆವಿಯಾಗುತ್ತಿರುವ ತನಕ ಪಾತ್ರೆಯ ಮೈ ಅದಕ್ಕಿಂತ ಬಹಳ ಮೇಲೇರಲಾರದು. ಚೊಂಬು ಬರಿದಾದ ಕ್ಷಣದಿಂದ ಆ ರಕ್ಷಣೆ ಇಲ್ಲ. ಶಾಲೆಯಲ್ಲಿ ಓದಿದ ಈ ಪಾಠ ನನಗೆ ನಿಜಕ್ಕೂ ಅರ್ಥವಾದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಬರ್ನರಿನ ತೂತುಗಳನ್ನು ಸೂಜಿಯಿಂದ ಬಿಡಿಸುತ್ತ ಕೂತಾಗ.

ಅದರ ಬದಲಿಗೆ ಒಂದು ಒಳ್ಳೆಯ ಪಾತ್ರೆ ಕೊಳ್ಳೋಣವೆಂದು ಪೇಟೆಗೆ ಹೋದರೆ, ಅಂಗಡಿಯ ಹುಡುಗ ಪ್ರತಿ ಬಾಣಲೆಯನ್ನೂ ಎತ್ತಿ ತೋರಿಸಿ ‘ಇದು ಮುನ್ನೂರು ಡಿಗ್ರಿ ತಡೆಯುತ್ತೆ, ಇದು ನಾನೂರು ತಡೆಯುತ್ತೆ’ ಎಂದು ಸಂಖ್ಯೆ ಹೇಳತೊಡಗಿದ. ಪಾತ್ರೆಯ ಯಾವ ಭಾಗ ತಡೆಯುತ್ತದೆ ಎಂಬ ನನ್ನ ಪ್ರಶ್ನೆ ಅವನಿಗೆ ತಮಾಷೆಯಾಗಿ ಕೇಳಿಸಿತು. ಆದರೆ ಪ್ರಶ್ನೆ ಅದೇ ಆಗಬೇಕು. ಅಲ್ಯೂಮಿನಿಯಂ 660 ಡಿಗ್ರಿಗೆ, ತಾಮ್ರ 1,085ಕ್ಕೆ, ಕಬ್ಬಿಣ 1,538ಕ್ಕೆ ಕರಗುವ ಲೋಹಗಳು. ಮನೆಯಲ್ಲಿ ಹುಳಿ, ಪಲ್ಯ, ಚಿತ್ರಾನ್ನ ಮಾಡುವವರು ಆ ಎತ್ತರವನ್ನು ಮುಟ್ಟುವುದಿಲ್ಲ. ಸೋಲುವುದು ಲೋಹಕ್ಕೆ ಅಂಟಿಸಿದ, ಬಳಿದ, ತಿರುಪು ಹಾಕಿ ಕೂಡಿಸಿದ ಭಾಗಗಳು, ಎಂದರೆ ಲೇಪನ, ಹಿಡಿ, ರಬ್ಬರು. ಪಾತ್ರೆಯ ಬಾಳಿಕೆಯನ್ನು ಅದರ ಅತ್ಯಂತ ದುರ್ಬಲ ಭಾಗದಿಂದ ಅಳೆಯಬೇಕು ಎಂಬುದು ನನ್ನ ಅಭಿಪ್ರಾಯ, ಮತ್ತು ಆ ಭಾಗದ ಹೆಸರನ್ನು ಅಂಗಡಿಯಲ್ಲಿ ಯಾರೂ ತಾವಾಗಿ ಎತ್ತುವುದಿಲ್ಲ.

ನಾನ್‌ಸ್ಟಿಕ್ ವಿಷಯವನ್ನೇ ನೋಡಿ. 1938ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಅವರಿಗೆ ಆಕಸ್ಮಿಕವಾಗಿ ದೊರೆತ, ಟೆಫ್ಲಾನ್ ಎಂಬ ಹೆಸರಿನಲ್ಲಿ ಜನಕ್ಕೆ ಪರಿಚಿತವಾದ ಆ ವಸ್ತು 260 ಡಿಗ್ರಿಯವರೆಗೆ ನೆಮ್ಮದಿಯಾಗಿರುತ್ತದೆ, ಅಲ್ಲಿಂದ ಮುಂದೆ ನಿಧಾನವಾಗಿ ಕೆಡಲು ಆರಂಭಿಸುತ್ತದೆ, 350 ದಾಟಿದರೆ ಅದರಿಂದ ಬರುವ ಹೊಗೆ ಉಸಿರಿಗೆ ಒಳ್ಳೆಯದಲ್ಲ. ಒಗ್ಗರಣೆಯ ರಿಫೈನ್ಡ್ ಎಣ್ಣೆ ಹೊಗೆಯಾಡತೊಡಗಿದರೆ ಉಷ್ಣತೆ ಈಗಾಗಲೇ 200 ದಾಟಿ 260ರ ಗಡಿಯ ಹತ್ತಿರ ಬಂದಿದೆ ಎಂದು ತಿಳಿಯಬಹುದು. ದೋಸೆ ಹೊಯ್ಯುವ ಮುನ್ನ ‘ಚೆನ್ನಾಗಿ ಕಾಯಲಿ’ ಎಂದು ತೆಳು ತವಾವನ್ನು ದೊಡ್ಡ ಉರಿಯ ಮೇಲೆ ಬರಿದಾಗಿ ಬಿಟ್ಟು ತೆಂಗಿನಕಾಯಿ ತುರಿಯಲು ಹೋದವರು ಕೆಲವೇ ನಿಮಿಷಗಳಲ್ಲಿ ಆ ಗಡಿಯನ್ನು ದಾಟಿರುತ್ತಾರೆ. ನಮ್ಮ ಮನೆಯ ಮೊದಲ ನಾನ್‌ಸ್ಟಿಕ್ ತವಾ ಒಂದೂವರೆ ವರ್ಷದಲ್ಲಿ ಸಿಪ್ಪೆ ಎದ್ದದ್ದು ಹೀಗೆಯೇ. ಅದು ಕಳಪೆಯಾಗಿತ್ತು ಎಂದು ಬಹಳ ದಿನ ಬೈದುಕೊಂಡಿದ್ದೆ. ಈಗ ಯೋಚಿಸಿದರೆ ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನನ್ನದೇ.

ಇನ್ನು ಮುದ್ದೆಯ ಮಾತು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದ ಯಾರೇ ಆದರೂ ಪಾತ್ರೆಯ ಗಟ್ಟಿತನವನ್ನು ಕೊನೆಗೆ ಒರೆಗೆ ಹಚ್ಚುವುದು ಮುದ್ದೆಯಲ್ಲಿ. ಪಾಂಡವಪುರದ ಹತ್ತಿರದ ನಮ್ಮ ಊರಿನ ಮನೆಯಲ್ಲಿ ಮುದ್ದೆಗೆಂದೇ ಇದ್ದದ್ದು ದಪ್ಪ ತಳದ, ಗುಂಡಗಿನ ಅಲ್ಯೂಮಿನಿಯಂ ತಪ್ಪಲೆ. ಅವ್ವ ಅದನ್ನು ಸಿಲಾವರದ ಪಾತ್ರೆ ಎನ್ನುತ್ತಿದ್ದಳು. ಎಸರು ಮರಳಿ, ಹಿಟ್ಟು ಬಿದ್ದು, ಉಕ್ಕಿ ಬೆಂದ ಮೇಲೆ ತಪ್ಪಲೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು, ಹಿಟ್ಟಿನ ಕೋಲಿನಿಂದ ಮೈಭಾರವನ್ನೆಲ್ಲ ಬಿಟ್ಟು ತೊಳಸುವಾಗ ಪಾತ್ರೆ ಎದುರಿಸುವುದು ಬೆಂಕಿಯನ್ನು ಮಾತ್ರವಲ್ಲ, ರಟ್ಟೆಯ ಬಲವನ್ನೂ. ಆ ತಪ್ಪಲೆ ಮೂವತ್ತು ವರ್ಷದ ಮೇಲೆ ನಡೆಯಿತು. ಅಲ್ಲಲ್ಲಿ ನಗ್ಗಿತ್ತು, ಹೊರಮೈಗೆ ಮಸಿ ಹಿಡಿಯದಿರಲೆಂದು ಬಳಿದ ಬೂದಿಯ ಪದರ ಅದರ ಬಣ್ಣವೇ ಆಗಿಹೋಗಿತ್ತು. ತಳದ ಸೀಕಿಗೆ ನಾವು ಮಕ್ಕಳು ಜಗಳವಾಡುತ್ತಿದ್ದೆವು, ಅದು ಬೇರೆ ಮಾತು.

ಅದೇ ಮುದ್ದೆಯನ್ನು ಮೈಸೂರಿನ ಮನೆಯಲ್ಲಿ ಹೊಳೆಯುವ ತೆಳು ಸ್ಟೀಲ್ ಪಾತ್ರೆಯಲ್ಲಿ ಮಾಡಿದಾಗ ಬರ್ನರಿನ ಆಕಾರದಲ್ಲೇ ಒಂದು ಕರಿ ಉಂಗುರ ತಳ ಹಿಡಿಯಿತು. ಇದಕ್ಕೆ ಕಾರಣ ಕಾವನ್ನು ಸಾಗಿಸುವ ಗುಣದಲ್ಲಿರುವ ಅಂತರ. ಉಷ್ಣವಾಹಕತೆಯ ಅಳತೆಯಲ್ಲಿ ತಾಮ್ರಕ್ಕೆ ಸುಮಾರು 400, ಅಲ್ಯೂಮಿನಿಯಂಗೆ 237, ಎರಕದ ಕಬ್ಬಿಣಕ್ಕೆ 50ರ ಆಸುಪಾಸು ಬಂದರೆ ನಮ್ಮ ಸ್ಟೇನ್‌ಲೆಸ್ ಸ್ಟೀಲಿಗೆ ಬರುವುದು ಬರೀ 16. ಉರಿ ತಾಕಿದ ಜಾಗದ ಕಾವನ್ನು ಪಕ್ಕಕ್ಕೆ ಹಂಚಲಾರದೆ ಸ್ಟೀಲು ಅಲ್ಲೇ ವಿಪರೀತ ಕಾಯುತ್ತದೆ, ಹಿಟ್ಟು ಅಲ್ಲೇ ಸೀಯುತ್ತದೆ. ಎರಡು ಸ್ಟೀಲ್ ಹಾಳೆಗಳ ನಡುವೆ ಅಲ್ಯೂಮಿನಿಯಂ ಇಟ್ಟು ಒತ್ತಿದ ಟ್ರೈಪ್ಲೈ ಪಾತ್ರೆಗಳು ಈ ಕೊರತೆಯನ್ನು ನಿಜವಾಗಿಯೂ ನೀಗುತ್ತವೆ, ಬೆಲೆಯಲ್ಲಿ ಮಾತ್ರ ಬೆಚ್ಚಿಬೀಳಿಸುತ್ತವೆ. ತಳಕ್ಕೆ ಕೆಂಪಗೆ ತಾಮ್ರ ಬಳಿದು ಮಾರುವ ಅಗ್ಗದ ಪಾತ್ರೆಗಳಲ್ಲಿ ಆ ಪದರ ಎಷ್ಟು ತೆಳುವಾಗಿರುತ್ತದೆಂದರೆ, ಅದು ನೋಟಕ್ಕೆ ಆದಷ್ಟು ಅಡುಗೆಗೆ ಆಗುವುದಿಲ್ಲ.

ಸ್ಟೀಲಿನ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಸ್ಟೀಲು ಎಂದು ನಂಬಿ ಅನೇಕರು ಚೀಲದಲ್ಲಿ ಅಯಸ್ಕಾಂತ ಇಟ್ಟುಕೊಂಡು ಅಂಗಡಿಗೆ ಹೋಗುತ್ತಾರೆ. ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವ 304 ದರ್ಜೆಯ ಸ್ಟೀಲು ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದು ನಿಜ. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿದ ಅಗ್ಗದ 201 ದರ್ಜೆಯೂ ಅಂಟುವುದಿಲ್ಲ, ಮತ್ತು ಉಪ್ಪು ಹುಳಿಗೆ ಅದು ಬೇಗ ಸೋಲುತ್ತದೆ. ಯಾವ ಸ್ಟೀಲೇ ಆಗಲಿ, ತಣ್ಣೀರಿಗೆ ಉಪ್ಪು ಸುರಿದು ತಳದಲ್ಲಿ ಕೂರಲು ಬಿಟ್ಟರೆ ಸೂಜಿಮೊನೆಯಂಥ ಕುಳಿಗಳು ಬೀಳುವ ಸಾಧ್ಯತೆ ಇರುತ್ತದೆ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ ಕದಡಿದರೆ ಆ ತೊಂದರೆ ತಪ್ಪುತ್ತದೆ.

ಈಗ ಹಿತ್ತಾಳೆಗೆ ಬರುತ್ತೇನೆ, ಏಕೆಂದರೆ ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೊಂದರಂತೆ ‘ಹಿರಿಯರ ಪಾತ್ರೆಗೆ ಮರಳಿ’ ಎಂಬ ಸಂದೇಶ ಬರುತ್ತಿದೆ. ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲ ನಮ್ಮ ಜಿಲ್ಲೆಯದೇ. ಹಿತ್ತಾಳೆ ಕೊಳಗದ ಮೇಲೆ ನನಗಿರುವ ಪ್ರೀತಿ ಯಾರಿಗೂ ಕಡಿಮೆಯಿಲ್ಲ. ಆದರೆ ಆ ಸಂದೇಶಗಳಲ್ಲಿ ಪಾತ್ರೆಯ ಒಳಮೈಗೆ ಬಳಿಯುವ ಕಲಾಯಿಯ ಸೊಲ್ಲೇ ಇರುವುದಿಲ್ಲ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಣಸೆಹುಳಿ ಕುದಿಸಿದರೆ ತಾಮ್ರದ ಅಂಶ ಊಟಕ್ಕಿಳಿದು ಹೊಟ್ಟೆ ಕೆಡುತ್ತದೆ, ಕಿಲುಬನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಆ ಕಲಾಯಿಯೂ ತವರವೇ, ಅಂದರೆ ಅದರ ಮಿತಿಯೂ 232 ಡಿಗ್ರಿಯೇ. ನಮ್ಮ ಅಜ್ಜಿ ಹಿತ್ತಾಳೆ ಪಾತ್ರೆಯಲ್ಲಿ ಎಂದೂ ನೇರವಾಗಿ ಒಗ್ಗರಣೆ ಹಾಕದೆ, ಕಬ್ಬಿಣದ ಒಗ್ಗರಣೆ ಸೌಟನ್ನು ಬೇರೆಯಾಗಿ ಕಾಯಿಸಿ ಚೊಂಯ್ ಎಂದು ಸಾರಿಗೆ ಅದ್ದುತ್ತಿದ್ದಳು. ಅದು ರುಚಿಗೆಂದು ನಾನು ತಿಳಿದಿದ್ದೆ. ಹೊಗೆಯಾಡುವ ಎಣ್ಣೆಯ ಕಾವು ಕಲಾಯಿ ಕರಗುವ ಕಾವಿಗೆ ಎಷ್ಟು ಹತ್ತಿರ ಎಂಬುದನ್ನು ಲೆಕ್ಕ ಹಾಕಿದ ಮೇಲೆ, ಆ ಅಭ್ಯಾಸದಲ್ಲಿ ರುಚಿಗಿಂತ ಪಾತ್ರೆಯ ಚಿಂತೆಯೇ ಹೆಚ್ಚಾಗಿತ್ತೇನೋ ಎನಿಸುತ್ತದೆ.

ಎರಕದ ಕಬ್ಬಿಣದ ಕಾವಲಿಗೆ ಎಂಥ ಉರಿಯೂ ಲೆಕ್ಕವಿಲ್ಲ, ಅದಕ್ಕೆ ಹೆದರಿಕೆ ತಣ್ಣೀರಿನದು. ಮೈಸೂರಿನ ಹೋಟೆಲುಗಳಲ್ಲಿ ಕಾದ ಹಂಚಿಗೆ ನೀರು ಚಿಮುಕಿಸಿ ಕಡ್ಡಿ ಪೊರಕೆಯಿಂದ ಗುಡಿಸುವುದನ್ನು ನೋಡಿ ನನ್ನ ಮಗ ಮನೆಯ ಕಾವಲಿಯನ್ನು ಕಾದಿರುವಾಗಲೇ ನಲ್ಲಿಯ ಕೆಳಗೆ ಹಿಡಿದ. ಅದು ಟಪ್ಪೆಂದು ಅಂಚಿನಿಂದ ನಡುವಿನವರೆಗೆ ಬಿರಿಯಿತು. ಹೋಟೆಲಿನ ಹಂಚು ಬೆರಳು ದಪ್ಪದ್ದು, ಬೀಳುವ ನೀರು ಬೊಗಸೆಯಷ್ಟು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಗೆ ಕಬ್ಬಿಣವೂ ಸೇರುತ್ತದೆಂದು ಅಂದು ತಿಳಿಯಿತು.

ಕುಕ್ಕರಿನಲ್ಲಿ ಒಳಗಿನ ಉಷ್ಣತೆ ಸುಮಾರು 120 ಡಿಗ್ರಿ. ನೀರು ಬತ್ತಿದರೆ ಅದು ಮೇಲೇರುತ್ತದೆ, ಆಗ ಮುಚ್ಚಳದ ಸೇಫ್ಟಿ ವಾಲ್ವ್‌ನಲ್ಲಿರುವ ಬೇಗ ಕರಗುವ ಲೋಹ ತಾನು ಕರಗಿ ದಾರಿ ಬಿಡುತ್ತದೆ. ಇಡೀ ಅಡುಗೆಮನೆಯಲ್ಲಿ ಕರಗಲೆಂದೇ ಇಟ್ಟ ವಸ್ತು ಅದೊಂದೇ, ಆದ್ದರಿಂದ ಅದರ ಜಾಗಕ್ಕೆ ಸಿಕ್ಕಿದ್ದನ್ನು ತುರುಕುವ ಜಾಣತನ ಬೇಡ. ಬೋರ್‌ವೆಲ್ ನೀರಿನಿಂದ ಅಲ್ಯೂಮಿನಿಯಂ ಕುಕ್ಕರಿನ ಒಳಮೈ ಕಪ್ಪಾಗುವುದನ್ನು ತಡೆಯಲು ತಳದ ನೀರಿಗೆ ಒಂದು ಚೂರು ಹುಣಸೆಹಣ್ಣು ಸಾಕು.

ನನ್ನ ನಿಜವಾದ ತಕರಾರು ಹಿಡಿಗಳ ಮೇಲಿದೆ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ರೂಪಿಸಿದ ಬೇಕಲೈಟ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಸಣ್ಣ ಪಾತ್ರೆಯನ್ನು ದೊಡ್ಡ ಬರ್ನರಿನ ಮೇಲಿಟ್ಟರೆ ಅಂಚಿನಿಂದ ಹೊರಚಾಚಿದ ಜ್ವಾಲೆಗೆ ಅದು ಸುಟ್ಟು ಪುಡಿಯಾಗುತ್ತದೆ. ನಮ್ಮ ಒಂದು ಬಾಣಲೆಯ ಹಿಡಿ ಹೀಗೆ ಮುರಿದಾಗ ಬಾಣಲೆಗೆ ಏನೂ ಆಗಿರಲಿಲ್ಲ. ಕೊಂಡ ಅಂಗಡಿಯಲ್ಲಿ ಬಿಡಿ ಹಿಡಿ ಇಲ್ಲ, ಹೊಸದನ್ನೇ ತೆಗೆದುಕೊಳ್ಳಿ ಎಂದರು. ಗುಜರಿಯವರು ಅದನ್ನೂ ಆ ಸಿಪ್ಪೆ ಎದ್ದ ತವಾವನ್ನೂ ಕೈಯಲ್ಲಿ ತೂಗಿ ನೋಡಿ, ಬೇಕಾದರೆ ಹಾಗೇ ಒಯ್ಯುತ್ತೇನೆ, ದುಡ್ಡು ಕೇಳಬೇಡಿ ಎಂದರು. ಪಾತ್ರೆಯನ್ನು ತೂಕದ ಲೆಕ್ಕದಲ್ಲಿ ಕೊಂಡು, ಹಳತಾದಾಗ ತೂಕದ ಲೆಕ್ಕದಲ್ಲೇ ಕೊಟ್ಟು ಬದಲಾಯಿಸಿಕೊಳ್ಳುತ್ತಿದ್ದ ಕಾಲದಲ್ಲಿ ತಳ ದಪ್ಪವಿದೆಯೇ ಎಂದು ಕೇಳುವ ಅಗತ್ಯವೇ ಇರಲಿಲ್ಲ, ತಕ್ಕಡಿಯೇ ಹೇಳುತ್ತಿತ್ತು. ಈಗ ನಾನು ಮತ್ತೆ ಹಾಗೆಯೇ ಕೊಳ್ಳುತ್ತೇನೆ: ಕೈಗೆ ಭಾರವೆನಿಸಬೇಕು, ಹಿಡಿ ರಿವೆಟ್ ಹೊಡೆದ ಲೋಹದ್ದಾಗಿರಬೇಕು, ಇಲ್ಲವೇ ಹಿಡಿಯೇ ಇರಬಾರದು; ಇಕ್ಕಳ ನಮ್ಮ ಮನೆಯಲ್ಲಿದೆ.

ಕರಗಿದ ಈಯವನ್ನು ಒಂದು ಬಟ್ಟಲಿನಲ್ಲಿ ಕೂಡಿಟ್ಟಿದ್ದೆ. ದಸರೆಗೆ ಮುಂಚೆ ಅವ್ವನ ಹಿತ್ತಾಳೆ ಕೊಳಗವನ್ನು ಹೊತ್ತು, ಮಂಡಿ ಮೊಹಲ್ಲಾದ ಸಂದಿಯೊಂದರಲ್ಲಿ ಇನ್ನೂ ಕಲಾಯಿ ಹಾಕುವ ಒಬ್ಬರನ್ನು ಹುಡುಕಿಕೊಂಡು ಹೋದಾಗ ಅದನ್ನೂ ಒಯ್ದೆ. ಅವರು ಅದರಲ್ಲಿ ಕಡ್ಡಿಯಂಥ ಒಂದು ತುಂಡನ್ನು ಆರಿಸಿ, ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಬಗ್ಗಿಸಿದರು. ತವರ ಬಾಗುವಾಗ ಅದರೊಳಗಿನ ಹರಳುಗಳು ಜರುಗಿ ಚಿಟಿಚಿಟಿ ಸದ್ದು ಬರುತ್ತದೆ; ಸೀಸಕ್ಕೆ ಆ ಸದ್ದಿಲ್ಲ. ‘ಒಳ್ಳೆ ಮಾಲು’ ಎಂದು ತಲೆಯಾಡಿಸಿ, ಕೊಳಗವನ್ನು ಇದ್ದಿಲ ಕುಲುಮೆಯ ಮೇಲೆ ಕಾಯಿಸಿ, ನವಸಾಗರ ಎರಚಿ, ಎದ್ದ ಬಿಳಿ ಹೊಗೆಯ ನಡುವೆ ಅದೇ ಈಯವನ್ನು ಅರಳೆಯಿಂದ ಒಳಮೈಗೆಲ್ಲ ಉಜ್ಜಿದರು. ಮಿಕ್ಕ ಗಟ್ಟಿಯನ್ನು ಕೂಲಿಯಲ್ಲಿ ಮುರಿದುಕೊಂಡರು. ಈ ಭಾನುವಾರ ಆ ಕೊಳಗದಲ್ಲಿ ಬಸ್ಸಾರು ಮಾಡಿದೆ, ಒಗ್ಗರಣೆಯನ್ನು ಕಬ್ಬಿಣದ ಸೌಟಿನಲ್ಲೇ ಹಾಕಿದೆ.